ಪ್ರೌಢಶಾಲೆಯಲ್ಲಿ ಡಿಎನ್‌ಎ ಪಾಠ: ರಚನೆಯಿಂದ ಸ್ವಪ್ರತೀಕರಣದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಎಬ್ಬಿಸಿ ‘ಡಿಎನ್‌ಎ ಎಂದರೇನು’ ಎಂದು ಕೇಳಿದರೆ ‘ಡಿಆಕ್ಸಿರೈಬೋ ನ್ಯೂಕ್ಲಿಯಿಕ್ ಆಮ್ಲ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಅದರ ಎರಡು ಎಳೆಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಏಕೆ ಇವೆ, ಅದರಲ್ಲಿರುವ ಎಡಿನೈನ್ ಎಂಬ ಘಟಕಕ್ಕೆ ಥೈಮಿನ್ನೇ ಜೊತೆಯಾಗಬೇಕೆಂಬುದು ಯಾರ ಕಟ್ಟಳೆ ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಧಾರವಾಡ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಈ ಪಾಠವನ್ನು ಹಲವು ವರ್ಷ ಮಾಡಿದ ಮೇಲೆ ನನಗೆ ಮನವರಿಕೆಯಾದದ್ದೇನೆಂದರೆ, ರಚನೆಯನ್ನು ಒಂದು ಪಾಠವಾಗಿಯೂ ಸ್ವಪ್ರತೀಕರಣವನ್ನು, ಅಂದರೆ ಡಿಎನ್‌ಎ ತನ್ನ ನಕಲು ಮಾಡಿಕೊಳ್ಳುವುದನ್ನು, ಇನ್ನೊಂದು ಪಾಠವಾಗಿಯೂ ಬೇರ್ಪಡಿಸಿ ಕಲಿಸಿದಾಗ ಮಕ್ಕಳಿಗೆ ಎರಡೂ ದಕ್ಕುವುದಿಲ್ಲ. ನಕಲು ಹೇಗೆ ಆಗುತ್ತದೆ ಎಂಬುದು ರಚನೆಯಲ್ಲೇ ಅಡಗಿದೆ. ಅದನ್ನು ಮಕ್ಕಳು ತಮ್ಮ ಕೈಯಾರೆ ಹೊರತೆಗೆಯುವಂತೆ ಮಾಡುವುದೇ ಶಿಕ್ಷಕರ ಕೆಲಸ.

ಕೆಳಗೆ ವಿವರಿಸಿದ ಕ್ರಮಕ್ಕೆ 40 ನಿಮಿಷದ ಆರು ಅವಧಿಗಳು ಸಾಕು. ದುಬಾರಿ ಸಲಕರಣೆ ಯಾವುದೂ ಬೇಡ. ರಟ್ಟು, ಕತ್ತರಿ, ನೂಲು, ಉಳ್ಳಾಗಡ್ಡಿ, ಉಪ್ಪು, ಪಾತ್ರೆ ತೊಳೆಯುವ ದ್ರವ ಸಾಬೂನು, ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್, ಮತ್ತು ಒಂದು ಮೈದಾನ ಇದ್ದರೆ ಆಯಿತು.

ಮೊದಲ ಅವಧಿ: ಹೆಸರುಗಳಿಗಿಂತ ಮುಂಚೆ ಸಮಸ್ಯೆ

ಆರಂಭದ ವರ್ಷಗಳಲ್ಲಿ ನಾನು ಹೆಲಿಕೇಸ್, ಪ್ರೈಮೇಸ್, ಪಾಲಿಮರೇಸ್, ಲೈಗೇಸ್ ಎಂದು ನಕಲಿನ ಕೆಲಸ ಮಾಡುವ ನಾಲ್ಕು ಕಿಣ್ವಗಳ ಹೆಸರುಗಳನ್ನು ಹಲಗೆಯ ಮೇಲೆ ಬರೆದೇ ಪಾಠ ಆರಂಭಿಸುತ್ತಿದ್ದೆ. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿದರು, ಆದರೆ ಯಾವ ಕಿಣ್ವ ಏಕೆ ಬೇಕಾಯಿತು ಎಂಬುದನ್ನು ಒಬ್ಬರೂ ಹೇಳಲಿಲ್ಲ. ಈಗ ಮೊದಲ ಅವಧಿಯಲ್ಲಿ ಒಂದು ಕಿಣ್ವದ ಹೆಸರನ್ನೂ ನಾನು ಎತ್ತುವುದಿಲ್ಲ. ಅದರ ಬದಲು ಒಂದು ಲೆಕ್ಕ ಕೊಡುತ್ತೇನೆ.

ಮನುಷ್ಯನ ಒಂದು ಸಾಮಾನ್ಯ ದೇಹಕೋಶದಲ್ಲಿ 46 ವರ್ಣತಂತುಗಳಿವೆ. ಅವುಗಳಲ್ಲಿರುವ ಡಿಎನ್‌ಎಯನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದರ ದಪ್ಪ ಕೇವಲ 2 ನ್ಯಾನೋಮೀಟರ್, ಅದು ಇರಬೇಕಾದ ಕೋಶಕೇಂದ್ರದ ಅಗಲ ಸುಮಾರು 6 ಮೈಕ್ರೋಮೀಟರ್. ಈ ಅಂಕಿಗಳನ್ನು ಹಾಗೆಯೇ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಆದ್ದರಿಂದ ಎಲ್ಲವನ್ನೂ 5 ಲಕ್ಷ ಪಟ್ಟು ಹಿಗ್ಗಿಸಲು ಹೇಳಿ. ಆಗ ಡಿಎನ್‌ಎ 1 ಮಿಲಿಮೀಟರ್ ದಪ್ಪದ ನೂಲಾಗುತ್ತದೆ, ಕೋಶಕೇಂದ್ರ 3 ಮೀಟರ್ ಅಗಲದ ಒಂದು ಸಣ್ಣ ಕೋಣೆಯಾಗುತ್ತದೆ, ನೂಲಿನ ಒಟ್ಟು ಉದ್ದ 1,000 ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ಮರಳಿ ಬಂದು, ಮತ್ತೆ ದಾವಣಗೆರೆಯನ್ನು ದಾಟುವಷ್ಟು ಉದ್ದದ ನೂಲನ್ನು ಆ ಕೋಣೆಯಲ್ಲಿ ಗಂಟು ಬೀಳದಂತೆ ಇಡಬೇಕು. ಆ ಉದ್ದವನ್ನು 46ರಿಂದ ಭಾಗಿಸಿದರೆ ಒಂದೊಂದು ವರ್ಣತಂತುವಿನ ಪಾಲಿಗೆ ಸರಾಸರಿ ಸುಮಾರು 22 ಕಿಲೋಮೀಟರ್ ಬರುತ್ತದೆ. ಅದು ಹೆಚ್ಚುಕಡಿಮೆ ಹುಬ್ಬಳ್ಳಿ–ಧಾರವಾಡದ ಅಂತರವೇ ಆಗಿರುವುದರಿಂದ ನಮ್ಮ ಭಾಗದ ಮಕ್ಕಳಿಗೆ ಈ ಅಳತೆ ತಕ್ಷಣ ಕೈಗೆ ಸಿಗುತ್ತದೆ.

ಇದಾದ ಮೇಲೆ ಪ್ರಶ್ನೆ ಇಡಿ. ಒಂದು ಕೋಶ ಎರಡಾಗುವ ಮುನ್ನ ಈ ಇಡೀ ನೂಲಿನ ತದ್ರೂಪು ಇನ್ನೊಂದು ತಯಾರಾಗಬೇಕು, ಅದರಲ್ಲಿ ಬರೆದಿರುವುದು ಅಕ್ಷರಕ್ಷರವೂ ಒಂದೇ ಆಗಿರಬೇಕು. ಹಾಗಾದರೆ ಆ ನೂಲು ಎಂಥದ್ದಾಗಿರಬೇಕು? ಮಕ್ಕಳ ಊಹೆಗಳನ್ನೆಲ್ಲ ಹಲಗೆಯ ಒಂದು ಮೂಲೆಯಲ್ಲಿ ಬರೆದು, ಆರನೆಯ ಅವಧಿಯವರೆಗೆ ಅಳಿಸದೆ ಇಡಿ. ಜೀನ್, ವರ್ಣತಂತು, ಡಿಎನ್‌ಎ ಎಂಬ ಮೂರು ಪದಗಳನ್ನು ಮಕ್ಕಳು ಒಂದೇ ಎಂದು ಭಾವಿಸುವುದು ಸಾಮಾನ್ಯವಾದ್ದರಿಂದ, ಇದೇ ಅವಧಿಯಲ್ಲಿ ನೂಲಿನ ಉಂಡೆಯೊಂದನ್ನು ತೋರಿಸಿ, ಉಂಡೆ ವರ್ಣತಂತುವಾದರೆ ನೂಲು ಡಿಎನ್‌ಎ, ಆ ನೂಲಿನ ಮೇಲೆ ಗುರುತು ಹಾಕಿದ ಒಂದು ಗೇಣು ಜೀನ್ ಎಂದು ಸ್ಪಷ್ಟಪಡಿಸಿ. ಉಂಡೆ ಕೇವಲ ನೂಲಿನದ್ದಲ್ಲ, ನೂಲನ್ನು ಸುತ್ತಿಕೊಳ್ಳಲು ಪ್ರೋಟೀನುಗಳೂ ಅದರಲ್ಲಿವೆ ಎಂಬುದನ್ನು ಸೇರಿಸಲು ಮರೆಯಬಾರದು.

ಎರಡನೆಯ ಅವಧಿ: ಉಳ್ಳಾಗಡ್ಡಿಯಿಂದ ಡಿಎನ್‌ಎ

ಪಾಠಪುಸ್ತಕದ ಚಿತ್ರಗಳಲ್ಲಿ ಮಾತ್ರ ಇರುವ ವಸ್ತು ಎಂಬ ಭಾವನೆ ಮಕ್ಕಳಲ್ಲಿ ಉಳಿಯದಂತೆ ಮಾಡಲು ಈ ಪ್ರಯೋಗ ಅಗತ್ಯ. ಗದಗ ಮತ್ತು ಧಾರವಾಡ ಸೀಮೆಯ ಕೆಂಪು ಉಳ್ಳಾಗಡ್ಡಿ ಇದಕ್ಕೆ ಬಹಳ ಒಳ್ಳೆಯದು. ಉಳ್ಳಾಗಡ್ಡಿಯ ಜೀನೋಮ್, ಅಂದರೆ ಅದರ ಒಂದು ಪೂರ್ಣ ಜೊತೆ ಡಿಎನ್‌ಎ, ಮನುಷ್ಯನದ್ದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು, ಆದ್ದರಿಂದ ಒಂದೊಂದು ಕೋಶದಿಂದಲೂ ಹೆಚ್ಚು ಡಿಎನ್‌ಎ ಸಿಗುತ್ತದೆ. ಜೀವಿಯ ಸಂಕೀರ್ಣತೆಗೂ ಡಿಎನ್‌ಎಯ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡಬಹುದು.

ಹಿಂದಿನ ದಿನವೇ ಸ್ಪಿರಿಟ್ಟಿನ ಬಾಟಲಿಯನ್ನು ಫ್ರೀಜರಿನಲ್ಲಿಡಿ. ಶಾಲೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆ ಥರ್ಮಾಸ್‌ನಲ್ಲಿ ಮಂಜುಗಡ್ಡೆಯ ತುಂಡುಗಳನ್ನು ತಂದು ಅವುಗಳ ನಡುವೆ ಬಾಟಲಿಯನ್ನು ಹೂತಿಡಿ. 90 ಪ್ರತಿಶತಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಉತ್ತಮ. ಅಂಟಂಟಾದ ಸ್ಯಾನಿಟೈಸರ್ ಇದಕ್ಕೆ ಬರುವುದಿಲ್ಲ. ಒಂದು ಮಧ್ಯಮ ಗಾತ್ರದ ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರು, ಅರ್ಧ ಚಮಚ ಉಪ್ಪು ಮತ್ತು ಎರಡು ಚಮಚ ದ್ರವ ಸಾಬೂನಿನೊಂದಿಗೆ ಬೆರೆಸಿ, ನೊರೆ ಏಳದಂತೆ ಕಲಕಬೇಕು. ಮಿಕ್ಸರಿನಲ್ಲಿ ಹಾಕುವುದಾದರೆ ಸಾಬೂನು ಹಾಕುವ ಮೊದಲೇ ಐದಾರು ಸೆಕೆಂಡು ತಿರುಗಿಸಿದರೆ ಸಾಕು. ಹೆಚ್ಚು ತಿರುಗಿಸಿದಷ್ಟೂ ಡಿಎನ್‌ಎ ಎಳೆಗಳು ತುಂಡಾಗಿ, ಕೊನೆಯಲ್ಲಿ ದಾರದ ಬದಲು ಪುಡಿ ಕಾಣುತ್ತದೆ.

ಈ ಮಿಶ್ರಣವನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ನಿಮಿಷ ಇಡಬೇಕು. ಕುದಿಯುವ ನೀರಿಗೆ ಅಷ್ಟೇ ಪ್ರಮಾಣದ ತಣ್ಣೀರನ್ನು ಬೆರೆಸಿದರೆ ಸುಮಾರು ಅದೇ ಉಷ್ಣತೆ ಬರುತ್ತದೆ. ಆಮೇಲೆ ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು ತಣಿಸಿ, ಹಳೆಯ ಧೋತರದ ತುಂಡಿನಲ್ಲಿ ಹಿಂಡದೆ ಸೋಸಿ, ತಿಳಿಯನ್ನು ಪ್ರನಾಳಗಳಲ್ಲಿ ಕಾಲುಭಾಗದಷ್ಟು ತುಂಬಿ ಪ್ರತಿ ಗುಂಪಿಗೂ ಒಂದೊಂದು ಕೊಡಿ. ಪ್ರನಾಳವನ್ನು ಓರೆಯಾಗಿ ಹಿಡಿದು, ತಣ್ಣನೆಯ ಸ್ಪಿರಿಟ್ಟನ್ನು ಅದರ ಗೋಡೆಯ ಗುಂಟ ನಿಧಾನವಾಗಿ ಇಳಿಸಿದರೆ ಅದು ತಿಳಿಯ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಎರಡು ಮೂರು ನಿಮಿಷದಲ್ಲಿ ಎರಡೂ ಪದರಗಳು ಕೂಡುವ ಜಾಗದಲ್ಲಿ ಬಿಳಿಯ ನವಿರಾದ ಎಳೆಗಳು ಮೋಡದಂತೆ ಮೇಲೇಳುತ್ತವೆ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ತಿರುಗಿಸಿದರೆ ಅವು ಕಡ್ಡಿಗೆ ಸುತ್ತಿಕೊಳ್ಳುತ್ತವೆ. ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಸ್ಪಿರಿಟ್ ಬೆಚ್ಚಗಾಗಿದ್ದನ್ನು ನಾನು ಗಮನಿಸದೆ ಹೋದದ್ದರಿಂದ ಏಳು ಗುಂಪುಗಳಲ್ಲಿ ಒಂದಕ್ಕೂ ಎಳೆ ಕಾಣಲಿಲ್ಲ. ಅಂದಿನಿಂದ ಈ ಪ್ರಯೋಗವನ್ನು ಬೆಳಗಿನ ಮೊದಲ ಅವಧಿಗೇ ಇಟ್ಟುಕೊಂಡಿದ್ದೇನೆ.

ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಅದು ಕೋಣೆಯಲ್ಲಿರುವಾಗ ಬೆಂಕಿ ಉರಿಯಬಾರದು, ಆದ್ದರಿಂದ ನೀರನ್ನು ಹೊರಗೆ ಕಾಯಿಸಿ ತರಬೇಕು. ಕಿಟಕಿಗಳು ತೆರೆದಿರಲಿ, ಯಾವುದನ್ನೂ ಬಾಯಿಗೆ ಹಾಕಬಾರದೆಂದು ಮೊದಲೇ ಹೇಳಿ.

ಎಳೆಗಳು ಕಂಡ ಕೂಡಲೇ ಮಕ್ಕಳಿಂದ ಕಾರಣ ಹೇಳಿಸಬೇಕು. ಕೋಶದ ಮತ್ತು ಕೋಶಕೇಂದ್ರದ ಪೊರೆಗಳು ಕೊಬ್ಬಿನಂಶದವು, ಪಾತ್ರೆಯ ಜಿಡ್ಡನ್ನು ತೆಗೆಯುವ ಸಾಬೂನು ಅವುಗಳನ್ನೂ ಕರಗಿಸುತ್ತದೆ. ಬಿಸಿಯಿಂದ ಕೋಶಭಿತ್ತಿ ಮೆತ್ತಗಾಗುತ್ತದೆ, ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳೂ ಮಂದವಾಗುತ್ತವೆ. ಉಪ್ಪಿನ ಪಾತ್ರವೇ ಮುಂದಿನ ಪಾಠಕ್ಕೆ ಬಾಗಿಲು: ಡಿಎನ್‌ಎಯ ಹೊರಮೈಯಲ್ಲಿರುವ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಾವೇಶವಿದ್ದು, ಅವು ಒಂದನ್ನೊಂದು ದೂಡುತ್ತವೆ, ಉಪ್ಪಿನ ಸೋಡಿಯಂ ಅಯಾನುಗಳು ಆ ಆವೇಶವನ್ನು ಮರೆಮಾಡಿದಾಗ ಅಣುಗಳು ಒತ್ತಟ್ಟಿಗೆ ಬಂದು, ಸ್ಪಿರಿಟ್ಟಿನಲ್ಲಿ ಕರಗಲಾರದೆ ಹೊರಬೀಳುತ್ತವೆ. ಕಡ್ಡಿಗೆ ಸುತ್ತಿದ್ದು ಅಪ್ಪಟ ಡಿಎನ್‌ಎ ಅಲ್ಲ, ಅದರೊಂದಿಗೆ ಪ್ರೋಟೀನು ಮತ್ತು ಪೆಕ್ಟಿನ್ ಕೂಡ ಇವೆ. ಕಣ್ಣಿಗೆ ಕಾಣುವ ಒಂದು ಎಳೆಯಲ್ಲಿ ಲೆಕ್ಕವಿಲ್ಲದಷ್ಟು ಅಣುಗಳು ಹೆಣೆದುಕೊಂಡಿವೆ. ಈ ಸತ್ಯವನ್ನು ಹೇಳದೆ ಬಿಟ್ಟರೆ ಕೆಲವು ಮಕ್ಕಳು ಸುರುಳಿಯನ್ನೇ ಕಣ್ಣಾರೆ ಕಂಡೆವೆಂದು ತಿಳಿದು ಮನೆಗೆ ಹೋಗುತ್ತಾರೆ.

ಮೂರನೆಯ ಅವಧಿ: ರಟ್ಟಿನ ತುಣುಕುಗಳಿಂದ ಜೋಡಿಯ ನಿಯಮ

ಎರ್ವಿನ್ ಶಾರ್ಗಾಫ್ ಅವರು 1950ರ ಸುಮಾರಿಗೆ ಬೇರೆ ಬೇರೆ ಜೀವಿಗಳ ಡಿಎನ್‌ಎಯಲ್ಲಿ ಅದರ ಅಕ್ಷರಗಳಂತಿರುವ ನಾಲ್ಕು ಪ್ರತ್ಯಾಮ್ಲಗಳ ಪ್ರಮಾಣವನ್ನು ಅಳೆದರು. ಆ ಬಗೆಯ ಅಂಕಿಗಳನ್ನು ವಿವರಣೆಯಿಲ್ಲದೆ ಹಲಗೆಯ ಮೇಲೆ ಬರೆಯಿರಿ. ಮನುಷ್ಯನಲ್ಲಿ ಎಡಿನೈನ್ 30.9, ಥೈಮಿನ್ 29.4, ಗ್ವಾನಿನ್ 19.9, ಸೈಟೋಸಿನ್ 19.8 ಪ್ರತಿಶತ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅನುಕ್ರಮವಾಗಿ 24.7, 23.6, 26.0, 25.7. ಏನು ಕಾಣುತ್ತದೆ ಎಂದು ಕೇಳಿ ಸುಮ್ಮನಿರಿ. ಜೀವಿಯಿಂದ ಜೀವಿಗೆ ಅಂಕಿಗಳು ಬದಲಾದರೂ ಎಡಿನೈನ್ ಮತ್ತು ಥೈಮಿನ್, ಗ್ವಾನಿನ್ ಮತ್ತು ಸೈಟೋಸಿನ್ ಹೆಚ್ಚುಕಡಿಮೆ ಸಮವಾಗಿಯೇ ಇರುವುದನ್ನು ಯಾರಾದರೂ ಒಬ್ಬರು ಖಂಡಿತ ಗುರುತಿಸುತ್ತಾರೆ.

ಆಗ ರಟ್ಟಿನ ತುಣುಕುಗಳನ್ನು ಹಂಚಿ. ಎಡಿನೈನ್ ಮತ್ತು ಗ್ವಾನಿನ್ ಎರಡು ಉಂಗುರಗಳ ದೊಡ್ಡ ಅಣುಗಳಾದ್ದರಿಂದ ಅವುಗಳಿಗೆ 6 ಸೆಂಟಿಮೀಟರ್ ಉದ್ದದ ತುಣುಕು, ಒಂದೇ ಉಂಗುರದ ಥೈಮಿನ್ ಮತ್ತು ಸೈಟೋಸಿನ್‌ಗೆ 4 ಸೆಂಟಿಮೀಟರ್. ಎಡಿನೈನ್ ಮತ್ತು ಥೈಮಿನ್ ತುಣುಕುಗಳ ತುದಿಯಲ್ಲಿ ಒಂದಕ್ಕೊಂದು ಕೂಡುವ ಎರಡು ಹಲ್ಲು, ಗ್ವಾನಿನ್ ಮತ್ತು ಸೈಟೋಸಿನ್ ತುದಿಯಲ್ಲಿ ಮೂರು ಹಲ್ಲು ಕತ್ತರಿಸಿ; ಇವು ಹೈಡ್ರೋಜನ್ ಬಂಧಗಳ ಸಂಖ್ಯೆ. ಎರಡು ಉದ್ದನೆಯ ಪಟ್ಟಿಗಳನ್ನು ಸರಿಯಾಗಿ 10 ಸೆಂಟಿಮೀಟರ್ ಅಂತರದಲ್ಲಿಟ್ಟು, ಇವುಗಳ ನಡುವೆ ಮೆಟ್ಟಿಲುಗಳನ್ನು ಕಟ್ಟಿ ಎಂದಷ್ಟೇ ಹೇಳಿ. ಎಡಿನೈನ್ ಜೊತೆ ಗ್ವಾನಿನ್ ಇಟ್ಟರೆ 12 ಸೆಂಟಿಮೀಟರ್ ಆಗಿ ಪಟ್ಟಿ ಉಬ್ಬುತ್ತದೆ, ಥೈಮಿನ್ ಜೊತೆ ಸೈಟೋಸಿನ್ ಇಟ್ಟರೆ 8 ಸೆಂಟಿಮೀಟರ್ ಆಗಿ ಎಟುಕುವುದೇ ಇಲ್ಲ. ಎಡಿನೈನ್–ಸೈಟೋಸಿನ್ ಅಳತೆಯಲ್ಲಿ ಸರಿಹೊಂದಿದರೂ ಹಲ್ಲುಗಳು ಕೂಡುವುದಿಲ್ಲ. ಹತ್ತು ನಿಮಿಷದೊಳಗೆ ಮಕ್ಕಳೇ ನಿಯಮವನ್ನು ಹೇಳುತ್ತಾರೆ, ಹಲಗೆಯ ಮೇಲಿನ ಅಂಕಿಗಳ ಅರ್ಥವೂ ಅವರಿಗೆ ಆಗಲೇ ಹೊಳೆಯುತ್ತದೆ. ಈ ಹೊಳೆಯುವ ಗಳಿಗೆಯನ್ನು ಅವರಿಂದ ಕಸಿದುಕೊಂಡು ನಾವೇ ಮೊದಲು ನಿಯಮ ಬರೆದುಬಿಡುವುದು ದೊಡ್ಡ ನಷ್ಟ.

ಮೆಟ್ಟಿಲು ಪಟ್ಟಿಗೆ ಸೇರುವಲ್ಲಿ ಡಿಆಕ್ಸಿರೈಬೋಸ್ ಸಕ್ಕರೆ, ಒಂದು ಸಕ್ಕರೆಗೂ ಮುಂದಿನ ಸಕ್ಕರೆಗೂ ನಡುವೆ ಫಾಸ್ಫೇಟ್ ಎಂದು ಬಣ್ಣದಿಂದ ಗುರುತಿಸಿ. ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಪ್ರತ್ಯಾಮ್ಲ ಸೇರಿ ಒಂದು ನ್ಯೂಕ್ಲಿಯೋಟೈಡ್. ಪಟ್ಟಿಯ ಬಂಧ ಗಟ್ಟಿ, ಮೆಟ್ಟಿಲ ನಡುವಿನ ಬಂಧ ಸಡಿಲ ಎಂಬುದನ್ನು ಇಲ್ಲಿಯೇ ಒತ್ತಿ ಹೇಳಬೇಕು, ಏಕೆಂದರೆ ಎರಡು ಎಳೆಗಳನ್ನು ಬಿಡಿಸುವ ಹೆಲಿಕೇಸ್ ಡಿಎನ್‌ಎಯನ್ನು ‘ಕತ್ತರಿಸುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿಗೆ ಈ ವ್ಯತ್ಯಾಸವೇ ತಿಳಿದಿರುವುದಿಲ್ಲ.

ನಾಲ್ಕನೆಯ ಅವಧಿ: ಸುರುಳಿಯ ತಿರುವು ಮತ್ತು ಅದನ್ನು ಕಂಡವರು

ಏಣಿಯನ್ನು ಹುರಿ ಹಾಕಿದಾಗ ದ್ವಿಸುರುಳಿ ಆಗುತ್ತದೆ. ಒಂದು ಜೋಡಿಯಿಂದ ಮುಂದಿನ ಜೋಡಿಗೆ 0.34 ನ್ಯಾನೋಮೀಟರ್, ಒಂದು ಪೂರ್ಣ ಸುತ್ತಿಗೆ ಸುಮಾರು ಹತ್ತು ಜೋಡಿ. ಆದರೆ ಯಾವ ಕಡೆಗೆ ಹುರಿ ಹಾಕಬೇಕು? ಕೋಶದಲ್ಲಿರುವ ಸಾಮಾನ್ಯ ಡಿಎನ್‌ಎ ಬಲಸುರುಳಿ: ನೆಟ್ಟಗೆ ಹಿಡಿದು ನೋಡಿದಾಗ ನಮ್ಮ ಎದುರಿಗಿರುವ ಎಳೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತವೆ. ಸೈಕಲ್ ಅಂಗಡಿಯ ಒಂದು ಸಾಮಾನ್ಯ ಬೋಲ್ಟನ್ನು ತಂದು ಪಕ್ಕದಲ್ಲಿಟ್ಟರೆ ಹೋಲಿಸಲು ಸುಲಭ, ಅದರ ಮರೆಗಳೂ ಬಲಸುರುಳಿಯೇ. ಬೋಲ್ಟನ್ನು ತಲೆಕೆಳಗು ಮಾಡಿದರೂ ಸುರುಳಿಯ ದಿಕ್ಕು ಬದಲಾಗುವುದಿಲ್ಲ, ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ ಎಂಬುದನ್ನು ಮಕ್ಕಳು ಪರೀಕ್ಷಿಸಲಿ. ಭಿತ್ತಿಪತ್ರಗಳಲ್ಲಿ, ಮಾದರಿಗಳಲ್ಲಿ ಎಡಸುರುಳಿ ಅಚ್ಚಾಗಿರುವುದು ಅಪರೂಪವಲ್ಲ. ಶಾಲೆಯ ಗೋಡೆಯ ಮೇಲಿನ ಚಿತ್ರವನ್ನು ಮಕ್ಕಳೇ ತಪಾಸಣೆ ಮಾಡುವ ಕೆಲಸ ಅವರಿಗೆ ಬಹಳ ಪ್ರಿಯವಾಗುತ್ತದೆ.

ಚರಿತ್ರೆಗೆ ಹದಿನೈದು ನಿಮಿಷ ಸಾಕು, ಆದರೆ ಅದು ನ್ಯಾಯವಾದ ಚರಿತ್ರೆಯಾಗಿರಲಿ. 1869ರಲ್ಲಿ ಫ್ರೆಡ್ರಿಕ್ ಮೀಷರ್ ಗಾಯದ ಪಟ್ಟಿಗಳ ಕೀವಿನಲ್ಲಿದ್ದ ಕೋಶಗಳಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದರು. 1944ರಲ್ಲಿ ಏವರಿ, ಮೆಕ್ಲಿಯಾಡ್ ಮತ್ತು ಮೆಕಾರ್ಟಿ ಆನುವಂಶಿಕ ಗುಣಗಳನ್ನು ಸಾಗಿಸುವುದು ಡಿಎನ್‌ಎ ಎಂದು ತೋರಿಸಿದರು. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರ್ಯಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದ ಕ್ಷ-ಕಿರಣ ಚಿತ್ರವು ಸುರುಳಿಯ ಗುರುತನ್ನು ಸ್ಪಷ್ಟವಾಗಿ ತೋರಿಸಿತು. ಆ ಚಿತ್ರವನ್ನು ಜೇಮ್ಸ್ ವಾಟ್ಸನ್ ಕಂಡದ್ದು ಫ್ರ್ಯಾಂಕ್ಲಿನ್ ಅವರಿಗೆ ಗೊತ್ತಿಲ್ಲದೆ. ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರ ದ್ವಿಸುರುಳಿಯ ಮಾದರಿ 1953ರ ಏಪ್ರಿಲ್ 25ರಂದು ಪ್ರಕಟವಾಯಿತು. 1962ರ ನೊಬೆಲ್ ಪ್ರಶಸ್ತಿ ವಾಟ್ಸನ್, ಕ್ರಿಕ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರಿಗೆ ಸಂದಿತು. ಫ್ರ್ಯಾಂಕ್ಲಿನ್ ಅವರು 1958ರಲ್ಲಿಯೇ, 37ನೆಯ ವಯಸ್ಸಿನಲ್ಲಿ ತೀರಿಹೋಗಿದ್ದರು. ತರಗತಿಯ ಹುಡುಗಿಯರು ಈ ಭಾಗವನ್ನು ಕಿವಿಗೊಟ್ಟು ಕೇಳುವುದನ್ನು ನಾನು ಪ್ರತಿವರ್ಷವೂ ಕಂಡಿದ್ದೇನೆ. ಅವರ ಪ್ರಶ್ನೆಗಳಿಗೆ ಸಮಯ ಉಳಿಸಿಕೊಳ್ಳಿ.

ಐದನೆಯ ಅವಧಿ: ಮೈದಾನದಲ್ಲಿ ಎರಡು ಸಾಲು

ಇಡೀ ಪಾಠದ ತಿರುಳು ಇಲ್ಲಿದೆ, ಆದ್ದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ. ಎಳೆಗಳು ಎದುರು ದಿಕ್ಕಿನವು ಎಂಬುದನ್ನು ಹಲಗೆಯ ಮೇಲೆ ಎಷ್ಟು ಬಾಣ ಬರೆದು ಹೇಳಿದರೂ ಮಕ್ಕಳು ಅದನ್ನು ಒಂದು ನೆನಪಿಡಬೇಕಾದ ಸಂಗತಿಯಾಗಿ ಮಾತ್ರ ಸ್ವೀಕರಿಸುತ್ತಾರೆ. ಮೈದಾನದಲ್ಲಿ ನಿಂತಾಗ ಬೇರೆ ದಾರಿಯೇ ಇಲ್ಲವೆಂಬುದು ಅವರಿಗೆ ಮೈಗೆ ತಿಳಿಯುತ್ತದೆ.

ಹನ್ನೆರಡು ಮಕ್ಕಳ ಕೊರಳಿಗೆ ಎ, ಟಿ, ಜಿ, ಸಿ ಎಂದು ಬರೆದ ಚೀಟಿ ಹಾಕಿ. ನಿಯಮ ಎಲ್ಲರಿಗೂ ಒಂದೇ: ಎಡಗೈಯನ್ನು ಮುಂದೆ ನಿಂತವರ ಹೆಗಲ ಮೇಲಿಡಬೇಕು, ಬಲಗೈಯಿಂದ ಪಕ್ಕದ ಜೊತೆಗಾರರ ಬಲಗೈಗೆ ಸೇರಬೇಕು. ಎಡಗೈ ಫಾಸ್ಫೇಟ್, ಹೆಗಲು ಸಕ್ಕರೆ, ಬಲಗೈ ಪ್ರತ್ಯಾಮ್ಲ. ಹುಡುಗ ಹುಡುಗಿಯರು ಕೈಹಿಡಿಯಲು ಸಂಕೋಚಪಟ್ಟರೆ, ಎ–ಟಿ ನಡುವೆ ಎರಡು ನೂಲು, ಜಿ–ಸಿ ನಡುವೆ ಮೂರು ನೂಲು ಕೊಟ್ಟು ಬೆರಳ ತುದಿಯಲ್ಲಿ ಹಿಡಿಯಲು ಹೇಳಿ. ಬಂಧ ಸಡಿಲವೆಂಬುದೂ ಇದರಿಂದ ತಿಳಿಯುತ್ತದೆ. ಮೊದಲು ಆರು ಮಕ್ಕಳು ಹುಬ್ಬಳ್ಳಿ ಕಡೆ ಮುಖ ಮಾಡಿ ಒಂದು ಸಾಲಾಗಲಿ, ಉಳಿದ ಆರು ಮಂದಿ ಅವರ ಬಲಬದಿಗೆ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಲಿ. ಬಲಗೈಗಳು ಕೂಡುವುದೇ ಇಲ್ಲ. ಒಬ್ಬರ ಬಲಗೈಗೆ ಇನ್ನೊಬ್ಬರ ಎಡಗೈ ಎದುರಾಗುತ್ತದೆ. ಏನು ಮಾಡಬೇಕೆಂದು ಅವರೇ ಯೋಚಿಸಲಿ. ಎರಡನೆಯ ಸಾಲು ಧಾರವಾಡದ ಕಡೆಗೆ ತಿರುಗಿ ನಿಂತ ಕೂಡಲೇ ಎಲ್ಲ ಬಲಗೈಗಳೂ ಎದುರುಬದುರಾಗುತ್ತವೆ. ಗದಗಿನ ಶಾಲೆಯವರು ಹುಬ್ಬಳ್ಳಿ ಮತ್ತು ಹೊಸಪೇಟೆ, ಹಾವೇರಿಯವರು ಹುಬ್ಬಳ್ಳಿ ಮತ್ತು ದಾವಣಗೆರೆ ಎಂದು ಇಟ್ಟುಕೊಳ್ಳಬಹುದು.

ಈಗ ತುದಿಗಳಿಗೆ ಹೆಸರು ಕೊಡಿ. ಸಾಲಿನ ಮುಂಚೂಣಿಯಲ್ಲಿ ನಿಂತವರ ಎಡಗೈ ಖಾಲಿ, ಅದು 5 ಪ್ರೈಮ್ ತುದಿ. ಕೊನೆಯವರ ಹೆಗಲು ಖಾಲಿ, ಅದು 3 ಪ್ರೈಮ್ ತುದಿ. ಈ ಅಂಕಿಗಳು ಸಕ್ಕರೆಯ ಇಂಗಾಲದ ಪರಮಾಣುಗಳಿಗೆ ಕೊಟ್ಟ ಕ್ರಮಸಂಖ್ಯೆಯಿಂದ ಬಂದವು ಎಂದಷ್ಟು ಹೇಳಿದರೆ ಈ ಮಟ್ಟಕ್ಕೆ ಸಾಕು. ಹೊಸ ನ್ಯೂಕ್ಲಿಯೋಟೈಡ್ ತನ್ನ ಫಾಸ್ಫೇಟ್ ಹಿಡಿದುಕೊಂಡೇ ಬರುತ್ತದೆ, ಅಂದರೆ ಹೊಸ ಮಗು ತನ್ನ ಎಡಗೈಯನ್ನು ಕೊನೆಯವರ ಹೆಗಲ ಮೇಲಿಟ್ಟು ಹಿಂದಿನಿಂದಲೇ ಸೇರಬೇಕು. ರೇಷನ್ ಅಂಗಡಿಯ ಸರದಿಯಲ್ಲಿ ಹೊಸಬರು ಹಿಂದೆ ನಿಲ್ಲುವಂತೆ ಡಿಎನ್‌ಎಯ ಎಳೆಯೂ ಹಿಂದಿನ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. 5 ಪ್ರೈಮ್‌ನಿಂದ 3 ಪ್ರೈಮ್ ಕಡೆಗೆ ಎಂಬ ಮಾತಿನ ಅರ್ಥ ಇಷ್ಟೇ.

ಇನ್ನು ಸ್ವಪ್ರತೀಕರಣ. ಒಬ್ಬ ವಿದ್ಯಾರ್ಥಿ ಹೆಲಿಕೇಸ್ ಆಗಿ ಹುಬ್ಬಳ್ಳಿ ತುದಿಯಿಂದ ಧಾರವಾಡದ ಕಡೆಗೆ ಎರಡು ಸಾಲುಗಳ ನಡುವೆ ನಡೆಯುತ್ತಾ ಒಂದೊಂದೇ ಜೋಡಿಯ ನೂಲು ಬಿಡಿಸಲಿ. ಹೆಗಲ ಮೇಲಿನ ಕೈ ಯಾರೂ ತೆಗೆಯಬಾರದು. ಬಿಡಿಸಿದ ಬಲಗೈಗಳಿಗೆ ಸರಿಹೊಂದುವ ಚೀಟಿಯ ಹೊಸ ಮಕ್ಕಳನ್ನು ತಂದು ನಿಲ್ಲಿಸುವ ವಿದ್ಯಾರ್ಥಿಗಳು ಪಾಲಿಮರೇಸ್. ಧಾರವಾಡಕ್ಕೆ ಮುಖ ಮಾಡಿದ ಹಳೆಯ ಸಾಲಿನ ಪಕ್ಕದಲ್ಲಿ ಹೊಸ ಸಾಲು ಹುಬ್ಬಳ್ಳಿಗೆ ಮುಖ ಮಾಡಿ ನಿಲ್ಲುತ್ತದೆ, ಅದರ ಬಾಲ ಧಾರವಾಡದ ಕಡೆಗಿರುತ್ತದೆ. ಹೆಲಿಕೇಸ್ ಮುಂದೆ ಸಾಗಿದ ಹಾಗೆಲ್ಲ ಬಾಲಕ್ಕೆ ಒಬ್ಬೊಬ್ಬರೇ ಸೇರುತ್ತಾ ಹೋಗಬಹುದು. ಕೆಲಸ ನಿಲ್ಲದೆ ನಡೆಯುತ್ತದೆ. ಇದು ಮುಂಚೂಣಿ ಎಳೆ.

ಇನ್ನೊಂದು ಬದಿಯಲ್ಲಿ ತೊಡಕು ಎದುರಾಗುತ್ತದೆ. ಅಲ್ಲಿ ಹೊಸಬರು ಧಾರವಾಡಕ್ಕೆ ಮುಖ ಮಾಡಬೇಕು, ಹಿಂದಿನಿಂದ ಸೇರುವವರು ಹುಬ್ಬಳ್ಳಿಯ ಕಡೆಗೆ, ಅಂದರೆ ಹೆಲಿಕೇಸ್‌ನಿಂದ ದೂರಕ್ಕೆ ಸಾಗಬೇಕು. ಎರಡು ಮೂರು ಮಂದಿ ನಿಂತ ಮೇಲೆ ಹಿಂದೆ ಜಾಗವಿಲ್ಲ, ಮುಂದೆ ಮಾತ್ರ ಹೊಸ ಜಾಗ ತೆರೆದಿದೆ. ಮಕ್ಕಳು ಒಂದು ನಿಮಿಷ ಗೊಂದಲಕ್ಕೆ ಬೀಳುತ್ತಾರೆ. ಆಗ ನಾವು ಬಾಯಿ ಹಾಕಬಾರದು. ಹೆಲಿಕೇಸ್‌ನ ಹತ್ತಿರ ಹೊಸದಾಗಿ ಇನ್ನೊಂದು ತುಂಡು ಸಾಲು ಆರಂಭಿಸೋಣ ಎಂದು ಅವರಲ್ಲೇ ಯಾರೋ ಹೇಳುತ್ತಾರೆ. ಜಪಾನಿನ ರೈಜಿ ಒಕಾಜಾಕಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿಗಳು 1960ರ ದಶಕದಲ್ಲಿ ಕಂಡುಹಿಡಿದದ್ದು ಇದನ್ನೇ ಎಂದು ಆ ವಿದ್ಯಾರ್ಥಿಗೆ ತಿಳಿಸಿ. ಬ್ಯಾಕ್ಟೀರಿಯಾಗಳಲ್ಲಿ ಈ ತುಂಡುಗಳು ಸುಮಾರು 1,000ದಿಂದ 2,000 ನ್ಯೂಕ್ಲಿಯೋಟೈಡ್ ಉದ್ದ, ನಮ್ಮ ಕೋಶಗಳಲ್ಲಿ 100ರಿಂದ 200.

ಉಳಿದ ಕಿಣ್ವಗಳ ಅಗತ್ಯ ಈಗ ತಾನಾಗಿಯೇ ಹುಟ್ಟುತ್ತದೆ. ಪಾಲಿಮರೇಸ್ ಖಾಲಿ ಜಾಗದಲ್ಲಿ ಆರಂಭಿಸಲಾರದು, ಅದಕ್ಕೆ ಕೈಯಿಡಲು ಒಂದು ಹೆಗಲು ಬೇಕು. ಆ ಮೊದಲ ಹೆಗಲನ್ನು ಪ್ರೈಮೇಸ್ ಒದಗಿಸುತ್ತದೆ. ಅದು ಡಿಎನ್‌ಎಯನ್ನು ಹೋಲುವ ಆರ್‌ಎನ್‌ಎ ಎಂಬ ಬೇರೆ ಅಣುವಿನ ಚಿಕ್ಕ ತುಣುಕಾದ್ದರಿಂದ ಅಲ್ಲಿ ನಿಲ್ಲುವ ಮಗುವಿಗೆ ಟೋಪಿ ಹಾಕಿ. ಆಮೇಲೆ ಟೋಪಿಯವರ ಜಾಗಕ್ಕೆ ಟೋಪಿಯಿಲ್ಲದವರು ಬರುತ್ತಾರೆ. ಎರಡು ತುಂಡು ಸಾಲುಗಳು ಪಕ್ಕಪಕ್ಕಕ್ಕೆ ಬಂದರೂ ನಡುವೆ ಹೆಗಲ ಮೇಲೆ ಕೈಯಿಲ್ಲದ ಒಂದು ಜಾಗ ಉಳಿಯುತ್ತದೆ, ಅಲ್ಲಿ ಕೈಯೆತ್ತಿ ಇಡಿಸುವವನು ಲೈಗೇಸ್.

ನಮ್ಮ ಭಾಗದ ಶಿಕ್ಷಕಿಯರಿಗೆ ಇಲ್ಲಿ ಕಸೂತಿಯ ಗಾವಂತಿ ಹೊಲಿಗೆ ನೆನಪಾಗುವುದು ಸಹಜ. ಅದರಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಹೋಲಿಕೆ ಆಕರ್ಷಕವಾದರೂ ನಾನು ಬಳಸುವುದಿಲ್ಲ, ಏಕೆಂದರೆ ಅಲ್ಲಿ ದಾರ ತಿರುಗಿ ಹಿಂದಕ್ಕೆ ಬರುತ್ತದೆ, ಪಾಲಿಮರೇಸ್ ಎಂದೂ ಎದುರು ದಿಕ್ಕಿನಲ್ಲಿ ಎಳೆ ಬೆಳೆಸುವುದಿಲ್ಲ. ಮಕ್ಕಳ ಮನಸ್ಸಿನಲ್ಲಿ ಅದೇ ತಪ್ಪು ಬೇರೂರುತ್ತದೆ. ಮೈದಾನದ ಆಟಕ್ಕೂ ಮಿತಿಯಿದೆ. ಕೋಶದಲ್ಲಿ ನ್ಯೂಕ್ಲಿಯೋಟೈಡ್‌ಗಳನ್ನು ಯಾರೂ ಕರೆತರುವುದಿಲ್ಲ, ಅವು ಸುತ್ತಲೂ ತೇಲಾಡುತ್ತಾ ಬಂದು ತಾಗುತ್ತವೆ, ಸರಿಹೊಂದಿದ್ದು ನಿಲ್ಲುತ್ತದೆ. ಮೂರು ಫಾಸ್ಫೇಟ್‌ಗಳೊಂದಿಗೆ ಬಂದ ನ್ಯೂಕ್ಲಿಯೋಟೈಡ್ ಎರಡನ್ನು ಕಳಚಿದಾಗ ಬಿಡುಗಡೆಯಾಗುವ ಶಕ್ತಿಯಿಂದಲೇ ಬಂಧ ಏರ್ಪಡುತ್ತದೆ.

ಆರನೆಯ ಅವಧಿ: ಪುರಾವೆ, ವೇಗ, ತಪ್ಪು

ಆಟದ ಕೊನೆಯಲ್ಲಿ ಎರಡು ಜೋಡಿ ಸಾಲುಗಳಿದ್ದವು, ಪ್ರತಿಯೊಂದರಲ್ಲೂ ಒಂದು ಹಳೆಯ ಸಾಲು, ಒಂದು ಹೊಸ ಸಾಲು. ಕೋಶದಲ್ಲಿಯೂ ಹೀಗೆಯೇ ಆಗುತ್ತದೆಂದು ಹೇಗೆ ಗೊತ್ತು? 1958ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರ್ಯಾಂಕ್ಲಿನ್ ಸ್ಟಾಲ್ ಅವರು ಇ. ಕೋಲೈಯನ್ನು ಭಾರವಾದ ಸಾರಜನಕ-15ರಲ್ಲಿ ಹಲವು ತಲೆಮಾರು ಬೆಳೆಸಿ, ಆಮೇಲೆ ಸಾಮಾನ್ಯ ಸಾರಜನಕ-14ಕ್ಕೆ ಬದಲಾಯಿಸಿ, ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿ ಸಾಂದ್ರತೆಯ ಪ್ರಕಾರ ಪಟ್ಟೆಗಳಾಗಿ ಬೇರ್ಪಡಿಸಿದರು. ಫಲಿತಾಂಶ ಹೇಳುವ ಮೊದಲು ಮಕ್ಕಳಿಂದ ಊಹೆ ಬರೆಸಿ: ಹಳೆಯದು ಹಾಗೆಯೇ ಉಳಿದು ಪೂರ್ತಿ ಹೊಸದೊಂದು ಹುಟ್ಟಿದರೆ ಎಷ್ಟು ಪಟ್ಟೆ, ಒಂದೊಂದು ಎಳೆ ಹಂಚಿಹೋದರೆ ಎಷ್ಟು, ಚೂರುಚೂರಾಗಿ ಬೆರೆತರೆ ಎಷ್ಟು? ಒಂದು ತಲೆಮಾರಿನ ನಂತರ ನಡುಭಾರದ ಒಂದೇ ಪಟ್ಟೆ ಕಂಡಿತು, ಮೊದಲ ಊಹೆ ಬಿದ್ದುಹೋಯಿತು. ಎರಡನೆಯ ತಲೆಮಾರಿನಲ್ಲಿ ನಡುಭಾರದ್ದೂ ಹಗುರಾದದ್ದೂ ಸಮನಾಗಿ ಕಂಡವು, ಮೂರನೆಯ ಊಹೆಯೂ ಬಿತ್ತು. ಕೆಂಪು ಮತ್ತು ಬಿಳಿ ನೂಲಿನ ತುಂಡುಗಳನ್ನು ಮೇಜಿನ ಮೇಲೆ ಜೋಡಿಸುತ್ತಾ ಇದನ್ನು ಮಾಡಿದರೆ ಅರ್ಧ ಅವಧಿಯಲ್ಲಿ ಮುಗಿಯುತ್ತದೆ.

ವೇಗದ ಲೆಕ್ಕಕ್ಕೆ ಮತ್ತೆ ನಮ್ಮ ರಸ್ತೆಗೆ ಬನ್ನಿ. ಮನುಷ್ಯನ ಕೋಶದಲ್ಲಿ ಎಳೆಗಳು ಬಿಚ್ಚಿಕೊಂಡು ನಕಲಾಗುವ ಒಂದು ಕವಲು ಸೆಕೆಂಡಿಗೆ ಸುಮಾರು 50 ಜೋಡಿಗಳಷ್ಟು ಸಾಗುತ್ತದೆ. ಅತಿ ದೊಡ್ಡದಾದ ಒಂದನೆಯ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿಗಳಿವೆ; ಒಂದು ತುದಿಯಿಂದ ಆರಂಭಿಸಿದರೆ 50 ಲಕ್ಷ ಸೆಕೆಂಡು, ಅಂದರೆ ಸುಮಾರು 58 ದಿನ ಬೇಕು. ಆದರೆ ಕೋಶ ಈ ಕೆಲಸವನ್ನೆಲ್ಲ ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಹುಬ್ಬಳ್ಳಿ–ಧಾರವಾಡ ರಸ್ತೆಗೆ ಒಂದೇ ರಾತ್ರಿಯಲ್ಲಿ ಡಾಂಬರು ಹಾಕಬೇಕಾದರೆ ಏನು ಮಾಡಬೇಕೆಂದು ಕೇಳಿ: ನವನಗರದಲ್ಲಿ ಒಂದು ತಂಡ, ರಾಯಾಪುರದಲ್ಲಿ ಒಂದು ತಂಡ, ಹೀಗೆ ಹಲವು ಕಡೆ ಆರಂಭಿಸಿ ಪ್ರತಿಯೊಂದೂ ಎರಡೂ ದಿಕ್ಕಿಗೆ ಸಾಗಬೇಕು ಎಂದು ಮಕ್ಕಳು ತಾವೇ ಹೇಳುತ್ತಾರೆ. ನಮ್ಮ ಡಿಎನ್‌ಎಯಲ್ಲಿ ಇಂಥ ಆರಂಭಸ್ಥಾನಗಳು ಸಾವಿರಾರು ಇವೆ, ಇ. ಕೋಲೈಯ ವರ್ತುಲಾಕಾರದ ಡಿಎನ್‌ಎಯಲ್ಲಿ ಒಂದೇ ಒಂದು.

ಇಷ್ಟು ವೇಗದಲ್ಲಿ ತಪ್ಪುಗಳಾಗದೆ ಇರುವುದಿಲ್ಲ. ಪಾಲಿಮರೇಸ್ ಸುಮಾರು ಲಕ್ಷಕ್ಕೊಂದರಂತೆ ತಪ್ಪು ಜೋಡಿ ಹಾಕುತ್ತದೆ, ಅದರಲ್ಲಿ ಹೆಚ್ಚಿನವನ್ನು ತಾನೇ ಹಿಂದೆ ಸರಿದು ಕಿತ್ತು ಸರಿಪಡಿಸುತ್ತದೆ, ಉಳಿದವನ್ನು ಬೇರೆ ಕಿಣ್ವಗಳು ಹುಡುಕಿ ತಿದ್ದುತ್ತವೆ. ಕೊನೆಗೆ ಉಳಿಯುವುದು ನೂರು ಕೋಟಿಗೆ ಒಂದರಷ್ಟು. ಎರಡು ಎಳೆಗಳಿರುವ ದೊಡ್ಡ ಲಾಭ ಇಲ್ಲಿ ಕಾಣುತ್ತದೆ, ಒಂದು ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಬಹುದು. ಉಳಿದುಹೋದ ಆ ಬದಲಾವಣೆಗಳ ಬಗ್ಗೆ ಮಾತಾಡುವಾಗ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳನ್ನು ತಂದು ಮೇಜಿನ ಮೇಲಿಡಿ. ಒಂದೇ ಬೆಳೆಯಲ್ಲಿ ಗಿಡ್ಡ ದಪ್ಪನೆಯದೂ ಉದ್ದ ತೆಳ್ಳನೆಯದೂ ಇರಬೇಕಾದರೆ ನಕಲಿನಲ್ಲಿ ಎಲ್ಲಿಯೋ ಎಂದೋ ಭಿನ್ನತೆ ಸೇರಿರಬೇಕು, ಬೀಜ ಆರಿಸಿದ ರೈತರು ಅದನ್ನು ಉಳಿಸಿರಬೇಕು ಎಂಬ ಚರ್ಚೆ ಅಲ್ಲಿಂದ ಮುಂದಿನ ಅಧ್ಯಾಯಕ್ಕೆ ಒಯ್ಯುತ್ತದೆ. ಸಾಧ್ಯವಿದ್ದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಜೈವಿಕ ತಂತ್ರಜ್ಞಾನದ ಪ್ರಯೋಗಾಲಯವನ್ನು ಮಕ್ಕಳಿಗೆ ತೋರಿಸಲು ಮುಂಚಿತವಾಗಿ ಅನುಮತಿ ಕೇಳಬಹುದು.

ಮೌಲ್ಯಮಾಪನಕ್ಕೆ ವ್ಯಾಖ್ಯೆಗಳನ್ನು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಒಂದು ಡಿಎನ್‌ಎಯಲ್ಲಿ ಎಡಿನೈನ್ 22 ಪ್ರತಿಶತವಿದ್ದರೆ ಸೈಟೋಸಿನ್ ಎಷ್ಟು ಎಂದು ಕೇಳುತ್ತೇನೆ, ಉತ್ತರ 28. ಅದೇ ಡಿಎನ್‌ಎಗೆ ಒಂದೇ ಎಳೆಯಿದ್ದರೆ ಉತ್ತರ ಹೇಳಬಹುದೇ ಎಂಬುದು ಎರಡನೆಯ ಪ್ರಶ್ನೆ; ಹೇಳಲಾಗದು ಎಂದು ಕಾರಣಸಹಿತ ಬರೆದವರಿಗೆ ಪಾಠ ಅರ್ಥವಾಗಿದೆ. ಹತ್ತು ಜೋಡಿಗಳಲ್ಲಿ ಆರು ಎ–ಟಿ, ನಾಲ್ಕು ಜಿ–ಸಿ ಇದ್ದರೆ ಹೈಡ್ರೋಜನ್ ಬಂಧಗಳು ಎಷ್ಟು? 24. ಕೊನೆಯದಾಗಿ ಪ್ರತಿ ಮಗುವಿಗೂ ಒಂದು ಕಾಗದದ ಪಟ್ಟಿ ಕೊಟ್ಟು, ಅದರ ಮೇಲೆ 5 ಪ್ರೈಮ್ ತುದಿಯಿಂದ ಎ, ಟಿ, ಜಿ, ಸಿ, ಸಿ, ಎ ಎಂದು ಬರೆಸಿ, ಕೆಳಗೆ ಜೊತೆ ಎಳೆಯನ್ನು ಬರೆದು ಎರಡಕ್ಕೂ ಬಾಣ ಹಾಕಲು ಹೇಳಿ. ಟಿ, ಎ, ಸಿ, ಜಿ, ಜಿ, ಟಿ ಎಂದು ಎಲ್ಲರೂ ಬರೆಯುತ್ತಾರೆ. ಬಾಣವನ್ನು ಎದುರು ದಿಕ್ಕಿಗೆ ಹಾಕದ ಮಕ್ಕಳನ್ನು ಮಾತ್ರ ಹೆಸರು ಹಿಡಿದು ಕರೆದು, ಮತ್ತೊಮ್ಮೆ ಮೈದಾನಕ್ಕೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿ.